ಅನುಭವವಿಲ್ಲದವರು ವಿಮಾನ ಕಂಪೆನಿ ಶುರು ಮಾಡಬಹುದೇ? ಶೇರು ಹಾಕುವ ಮುನ್ನ ತಿಳಿದಿರಬೇಕಾದ ಲೆಕ್ಕ

ಗಲ್ಫಿನ ಶಾಲೆಗಳಿಗೆ ರಜೆ ಸಿಗುವ ಹೊತ್ತಿಗೆ ಮಂಗಳೂರು, ಕಣ್ಣೂರಿನ ಟಿಕೆಟ್ ದರ ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಇಷ್ಟು ಜನ ನಾವೇ ಇದ್ದೇವಲ್ಲ, ನಮ್ಮದೇ ಒಂದು ವಿಮಾನ ಕಂಪೆನಿ ಯಾಕೆ ಆಗಬಾರದು?" ಕಳೆದ ಸಲ ದುಬೈಯಿಂದ ಊರಿಗೆ ಬಂದ ನಮ್ಮ ಭಾವನೂ ಇದನ್ನೇ ಕೇಳಿದರು. ಅವರ ರೂಮಿನಲ್ಲಿ ಯಾರೋ ಶೇರಿನ ಮಾತು ಎತ್ತಿದ್ದರಂತೆ. "ನೀನು ಬಿಕಾಂ ಓದಿದವನಲ್ಲವಾ, ಲೆಕ್ಕ ಹಾಕಿ ಹೇಳು" ಅಂದರು.

ನಾನು ಉಪ್ಪಳದ ಕಡೆ ಚಿಕ್ಕದೊಂದು ಬಟ್ಟೆ ಅಂಗಡಿ ಇಟ್ಟುಕೊಂಡವನು. ಬದಿಯಲ್ಲಿ ಟಿಕೆಟ್ ಬುಕ್ಕಿಂಗ್ ಕೂಡ ಇದೆ. ವಿಮಾನದ ಬಗ್ಗೆ ನನಗೆ ಗೊತ್ತಿರುವುದು ಟಿಕೆಟ್ ಮಾರುವುದು ಮಾತ್ರ. ಆದರೆ ಲೆಕ್ಕ ಲೆಕ್ಕವೇ. ಭಾವನಿಗಾಗಿ ಹುಡುಕಿ ಓದಿದ್ದನ್ನು ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ನೇರ ಉತ್ತರ: ಹೌದು, ಅನುಭವವಿಲ್ಲದವರೂ ಶುರು ಮಾಡಬಹುದು. ಮಾಲೀಕನಿಗೆ ವಿಮಾನ ಹಾರಿಸಿ ಗೊತ್ತಿರಬೇಕೆಂದು ಕಾನೂನು ಕೇಳುವುದಿಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಿಕೊಳ್ಳುವುದು ಬೇರೆ ವಿಷಯ. ಮುಚ್ಚಿಹೋದ ಕಂಪೆನಿಗಳನ್ನು ನೋಡಿದರೆ, ಹೆಚ್ಚಿನವು ಮುಳುಗಿದ್ದು ಹಾರಿಸಲು ಬಾರದೆ ಅಲ್ಲ, ಕೈಯಲ್ಲಿ ದುಡ್ಡು ಖಾಲಿಯಾಗಿ.

ಹೊರಗಿನಿಂದ ಬಂದವರು ಯಾರೆಲ್ಲ?

ಕೇರಳದ ವರ್ಕಲ ಸಮೀಪದ ಓಡಯಂನ ತಖಿಯುದ್ದೀನ್ ವಾಹಿದ್ ಮುಂಬೈಯಲ್ಲಿ ಟ್ರಾವೆಲ್ಸ್ ಮತ್ತು ಗಲ್ಫಿಗೆ ಕೆಲಸಕ್ಕೆ ಜನ ಕಳುಹಿಸುವ ಏಜೆನ್ಸಿ ನಡೆಸುತ್ತಿದ್ದವರು. ಸರಕಾರ ಆಕಾಶವನ್ನು ಖಾಸಗಿಯವರಿಗೆ ತೆರೆದಾಗ 1992ರಲ್ಲಿ ಈಸ್ಟ್ ವೆಸ್ಟ್ ಏರ್‌ಲೈನ್ಸ್ ಶುರು ಮಾಡಿದರು. ಸುಮಾರು ನಾಲ್ಕು ದಶಕಗಳ ಬಳಿಕ ರಾಷ್ಟ್ರಮಟ್ಟದಲ್ಲಿ ಹಾರಿದ ಮೊದಲ ಖಾಸಗಿ ಕಂಪೆನಿ ಅದು. 1995ರ ನವೆಂಬರಿನಲ್ಲಿ ಮುಂಬೈಯಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಮರುವರ್ಷ ಕಂಪೆನಿ ಹಾರಾಟ ನಿಲ್ಲಿಸಿತು.

ಜೆಟ್ ಏರ್‌ವೇಸಿನ ನರೇಶ್ ಗೋಯಲ್ ಕೂಡ ಟ್ರಾವೆಲ್ ಏಜೆನ್ಸಿಯಿಂದಲೇ ಬಂದವರು. ವಿದೇಶಿ ವಿಮಾನ ಕಂಪೆನಿಗಳಿಗೆ ಇಲ್ಲಿ ಟಿಕೆಟ್ ಮಾರಿಕೊಡುವ ಏಜೆಂಟ್ ಆಗಿದ್ದರು. 1993ರ ಮೇಯಲ್ಲಿ ಬಾಡಿಗೆಗೆ ತಂದ ನಾಲ್ಕು ಬೋಯಿಂಗ್ 737ಗಳಿಂದ ಶುರುವಾದ ಕಂಪೆನಿ 25 ವರ್ಷ ದಾಟಿ, 2019ರ ಎಪ್ರಿಲ್ 17ರಂದು ನಿಂತುಹೋಯಿತು.

ನಮ್ಮ ಕರ್ನಾಟಕದ ಕ್ಯಾಪ್ಟನ್ ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಸೇನೆ ಬಿಟ್ಟು ಬಂದು ರೇಷ್ಮೆ ಕೃಷಿ ಮಾಡಿದವರು. 'ಕ್ಯಾಪ್ಟನ್' ಎಂಬುದು ಸೇನೆಯ ಹುದ್ದೆ, ಪೈಲಟ್ ಎಂಬ ಅರ್ಥದಲ್ಲಿ ಅಲ್ಲ. ಅವರು ನೇರವಾಗಿ ವಿಮಾನ ಕಂಪೆನಿಗೆ ಕೈ ಹಾಕಲಿಲ್ಲ. ಮೊದಲು ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಕಂಪೆನಿ ಕಟ್ಟಿ ಕೆಲವು ವರ್ಷ ನಡೆಸಿ, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಜನಸಾಮಾನ್ಯರು ವಿಮಾನ ಹತ್ತುವಂತಾದದ್ದರಲ್ಲಿ ಆ ಕಂಪೆನಿಯ ಪಾಲು ದೊಡ್ಡದು. ಆದರೆ ದುಡ್ಡು ಸಾಲದೆ 2007ರಲ್ಲಿ ಕಿಂಗ್‌ಫಿಶರಿಗೆ ಪಾಲು ಮಾರಬೇಕಾಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಕೂಡ ನೆಲಕ್ಕಿಳಿಯಿತು.

ಹೊರದೇಶದಲ್ಲಿ ಎರಡು ಹೆಸರು ಎಲ್ಲರಿಗೂ ಗೊತ್ತು. ಕ್ಯಾಸೆಟ್, ರೆಕಾರ್ಡ್ ವ್ಯಾಪಾರದ ರಿಚರ್ಡ್ ಬ್ರಾನ್ಸನ್ 1984ರಲ್ಲಿ ಒಂದೇ ಒಂದು ಬೋಯಿಂಗ್ 747 ಬಾಡಿಗೆಗೆ ತಂದು ವರ್ಜಿನ್ ಅಟ್ಲಾಂಟಿಕ್ ಶುರು ಮಾಡಿದರು. ನಡೆಯದಿದ್ದರೆ ಒಂದು ವರ್ಷದ ನಂತರ ವಿಮಾನ ವಾಪಸ್ ಕೊಡಬಹುದು ಎಂಬ ಷರತ್ತನ್ನು ಮೊದಲೇ ಬರೆಸಿಕೊಂಡಿದ್ದರು. ಸಂಗೀತ ಕಂಪೆನಿಯಲ್ಲಿದ್ದ ಮಲೇಷ್ಯಾದ ಟೋನಿ ಫರ್ನಾಂಡಿಸ್ 2001ರಲ್ಲಿ ಏರ್ ಏಷ್ಯಾವನ್ನು ಒಂದು ರಿಂಗಿಟ್‌ಗೆ ಕೊಂಡರು ಎಂದು ಎಲ್ಲರೂ ಹೇಳುತ್ತಾರೆ. ಅದರ ಜೊತೆ 4 ಕೋಟಿ ರಿಂಗಿಟ್ ಸಾಲವನ್ನೂ ತಲೆ ಮೇಲೆ ಹೊತ್ತುಕೊಂಡದ್ದನ್ನು ಹೇಳುವವರು ಕಡಿಮೆ. ಐರ್ಲೆಂಡಿನ ರೈನ್ ಏರ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕಾನರ್ ಮೆಕಾರ್ಥಿಯನ್ನು ಅವರು ಮೊದಲೇ ಜೊತೆಗೆ ಸೇರಿಸಿಕೊಂಡಿದ್ದರು.

ಇವರಲ್ಲಿ ನಡೆಸಿಕೊಂಡು ಹೋದವರನ್ನು ನೋಡಿ. ಬ್ರಾನ್ಸನ್ ನಷ್ಟಕ್ಕೆ ಮೊದಲೇ ಒಂದು ಮಿತಿ ಹಾಕಿಕೊಂಡರು. ಫರ್ನಾಂಡಿಸ್ ತನಗೆ ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿರುವವರನ್ನು ಕೂರಿಸಿದರು.

ಕಾನೂನು ಏನು ಕೇಳುತ್ತದೆ?

ಭಾರತದಲ್ಲಿ ದಾರಿ ಎರಡು ಹಂತದ್ದು. ಮೊದಲು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಆಮೇಲೆ ಡಿಜಿಸಿಎಯಿಂದ ಏರ್ ಆಪರೇಟರ್ ಸರ್ಟಿಫಿಕೇಟ್, ಚಿಕ್ಕದಾಗಿ ಎಒಸಿ. ಪೇಪರಿನಲ್ಲಿ "ಹೊಸ ವಿಮಾನ ಕಂಪೆನಿಗೆ ಅನುಮತಿ" ಎಂದು ಬಂದರೆ ಅದು ಹೆಚ್ಚಾಗಿ ಎನ್‌ಒಸಿ ಮಾತ್ರ. ಅಂಗಡಿಗೆ ಹೋಲಿಸಿದರೆ, ಕಟ್ಟಡ ಕಟ್ಟಲು ಪಂಚಾಯತ್ ಒಪ್ಪಿದ ಹಾಗೆ. ಬಾಗಿಲು ತೆರೆದು ವ್ಯಾಪಾರ ಮಾಡಲು ಬೇರೆ ಲೈಸೆನ್ಸ್ ಬೇಕು.

ದುಬೈಯ ಮಲಯಾಳಿ ಉದ್ಯಮಿಗಳು ಮುಂದಿಟ್ಟ ಏರ್ ಕೇರಳಕ್ಕೆ 2024ರ ಜುಲೈಯಲ್ಲಿ ಸಿಕ್ಕಿದ್ದು ಈ ಎನ್‌ಒಸಿ. ಎನ್‌ಒಸಿಯಿಂದ ಮೊದಲ ಟಿಕೆಟಿನವರೆಗೆ ಇರುವ ದಾರಿಯೇ ಉದ್ದದ್ದು. ಆ ದಾರಿಯಲ್ಲಿ ಟಿಕೆಟಿನ ಒಂದು ರೂಪಾಯಿಯೂ ಬರುವುದಿಲ್ಲ, ಸಂಬಳ ಮತ್ತು ಬಾಡಿಗೆ ಮಾತ್ರ ಹೋಗುತ್ತಿರುತ್ತದೆ.

ಮುಖ್ಯ ಷರತ್ತುಗಳು ಇವು:

• ಕಂಪೆನಿಯ ಮುಖ್ಯ ಕಚೇರಿ ಭಾರತದಲ್ಲಿರಬೇಕು. ಅಧ್ಯಕ್ಷರು ಮತ್ತು ನಿರ್ದೇಶಕರಲ್ಲಿ ಮೂರನೇ ಎರಡು ಭಾಗ ಭಾರತದ ಪ್ರಜೆಗಳಾಗಿರಬೇಕು. ನಿರ್ದೇಶಕರಿಗೆಲ್ಲ ಭದ್ರತಾ ತನಿಖೆ ಇದೆ.

• ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐಗಳು ಶೇ. 100ರವರೆಗೂ ಹೂಡಬಹುದು. ವಿದೇಶಿ ವಿಮಾನ ಕಂಪೆನಿಗಳಿಗೆ ಶೇ. 49ರ ಮಿತಿ. ಅಂದರೆ ಗಲ್ಫಿನಲ್ಲಿರುವ ನಮ್ಮವರಿಗೆ ಬಾಗಿಲು ತೆರೆದೇ ಇದೆ.

• 40,000 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ ವಿಮಾನಗಳಾದರೆ ಮೊದಲ 5 ವಿಮಾನಗಳವರೆಗೆ 50 ಕೋಟಿ ರೂಪಾಯಿ ಪಾವತಿಯಾದ ಬಂಡವಾಳ ಬೇಕು. ಅದಕ್ಕಿಂತ ಹಗುರದ ವಿಮಾನಗಳಾದರೆ 20 ಕೋಟಿ. ವಿಮಾನ ಹೆಚ್ಚಾದ ಹಾಗೆ ಇದೂ ಏರುತ್ತದೆ. ಸಣ್ಣ ಊರುಗಳ ನಡುವೆ ಹಾರುವ 'ಶೆಡ್ಯೂಲ್ಡ್ ಕಮ್ಯೂಟರ್' ಪರವಾನಗಿಗೆ ಷರತ್ತು ಸ್ವಲ್ಪ ಸಡಿಲ.

• ಹೊಣೆ ಹೊರುವ ಮ್ಯಾನೇಜರ್, ಹಾರಾಟದ ಮುಖ್ಯಸ್ಥ, ಸುರಕ್ಷತೆಯ ಮುಖ್ಯಸ್ಥ, ವಿಮಾನದ ಗಟ್ಟಿತನ ನೋಡುವ ಎಂಜಿನಿಯರ್, ತರಬೇತಿಯ ಮುಖ್ಯಸ್ಥ: ಈ ಕುರ್ಚಿಗಳಲ್ಲಿ ಅರ್ಹತೆ ಇರುವವರೇ ಕೂರಬೇಕು. ಅವರನ್ನು ಡಿಜಿಸಿಎ ಒಪ್ಪಬೇಕು. ಅನುಭವದ ಪ್ರಶ್ನೆಗೆ ಕಾನೂನಿನ ಉತ್ತರ ಇಲ್ಲಿದೆ. ಮಾಲೀಕನಿಗೆ ಇಲ್ಲದ್ದನ್ನು ಇವರು ತರಬೇಕು.

ಇದೆಲ್ಲ ಆದ ಮೇಲೆ ಪುಸ್ತಕಗಟ್ಟಲೆ ಮ್ಯಾನುವಲ್ ಬರೆದು ಒಪ್ಪಿಸಬೇಕು. ಪ್ರಯಾಣಿಕರಿಲ್ಲದೆ ವಿಮಾನ ಹಾರಿಸಿ ತೋರಿಸಬೇಕು. ಆಗ ಮಾತ್ರ ಎಒಸಿ.

"ದುಬೈಗೆ ಹಾರಿಸೋಣ" ಎನ್ನುವವರಿಗೆ

ಭಾವನಿಗೆ ನಾನು ಹೇಳಿದ ಮೊದಲ ಸುದ್ದಿಯೇ ಅವರಿಗೆ ಬೇಸರ ತಂದಿತು. ಭಾರತದ ಹೊಸ ಕಂಪೆನಿ ಮೊದಲ ದಿನವೇ ಗಲ್ಫಿಗೆ ಹಾರುವ ಹಾಗಿಲ್ಲ. 2016ರ ವರೆಗೆ 5 ವರ್ಷ ದೇಶದೊಳಗೆ ಹಾರಿ, 20 ವಿಮಾನ ಇದ್ದರೆ ಮಾತ್ರ ಹೊರದೇಶಕ್ಕೆ ಅವಕಾಶ ಇತ್ತು. 2016ರ ವಿಮಾನಯಾನ ನೀತಿಯಲ್ಲಿ 5 ವರ್ಷದ ಷರತ್ತು ಹೋಯಿತು, 20 ವಿಮಾನದ್ದು ಉಳಿಯಿತು. 20 ವಿಮಾನ ಅಥವಾ ಒಟ್ಟು ಸಾಮರ್ಥ್ಯದ ಶೇ. 20, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ದೇಶದೊಳಗೆ ಹಾರಿಸಲೇಬೇಕು. ಅದರ ಮೇಲೆ ಎರಡು ದೇಶಗಳ ಒಪ್ಪಂದದಲ್ಲಿ ವಾರಕ್ಕೆ ಎಷ್ಟು ಸೀಟು ಎಂಬ ಕೋಟಾ ಬೇರೆ ಇದೆ.

ಗಲ್ಫ್ ಟಿಕೆಟ್ ಅಗ್ಗವಾಗಲಿ ಎಂದು ಶೇರು ಹಾಕುವವರ ದುಡ್ಡು ಮೊದಲ ಕೆಲವು ವರ್ಷ ಬೆಂಗಳೂರು-ಹುಬ್ಬಳ್ಳಿ, ಕೊಚ್ಚಿ-ಕಣ್ಣೂರಿನಂಥ ದಾರಿಯಲ್ಲೇ ದುಡಿಯಬೇಕಾಗುತ್ತದೆ. ಇದನ್ನು ಮೊದಲೇ ಹೇಳದೆ ಶೇರು ಕೇಳುವವರ ಬಗ್ಗೆ ಜಾಗ್ರತೆ ಬೇಕು.

ಎಲ್ಲರೂ ಎಟಿಆರ್ ವಿಮಾನವನ್ನೇ ಯಾಕೆ ಹುಡುಕುತ್ತಾರೆ?

ಮಂಗಳೂರಿನಲ್ಲಿ ರೆಕ್ಕೆಗೆ ಫ್ಯಾನ್ ಇರುವ ವಿಮಾನ ನೋಡಿರುತ್ತೀರಿ. ಎಟಿಆರ್-72 ಅಂದರೆ ಅದು. 70ರಿಂದ 78 ಸೀಟು, ತುಂಬಿದಾಗ ಸುಮಾರು 23 ಟನ್ ತೂಕ. ಹೊಸಬರು ಇದನ್ನೇ ತರಲು ಎಣ್ಣೆಯ ಉಳಿತಾಯ ಒಂದು ಕಾರಣ. ಇನ್ನೊಂದು ಕಾರಣ ಕಾನೂನಿನಲ್ಲೇ ಇದೆ. 40 ಟನ್‌ಗಿಂತ ಕಡಿಮೆ ಇರುವುದರಿಂದ ಬಂಡವಾಳದ ಷರತ್ತು ಕಡಿಮೆ. ಅಂಥ ವಿಮಾನಗಳ ಇಂಧನದ ಮೇಲೆ ರಾಜ್ಯಗಳು ಮನಸ್ಸಿಗೆ ಬಂದಷ್ಟು ತೆರಿಗೆ ಹಾಕದಂತೆ ಮಿತಿ ಇದೆ. 80 ಸೀಟಿಗಿಂತ ಸಣ್ಣ ವಿಮಾನಕ್ಕೆ ದೇಶೀಯ ಹಾರಾಟದಲ್ಲಿ ಸಾಮಾನ್ಯವಾಗಿ ಲ್ಯಾಂಡಿಂಗ್ ಶುಲ್ಕ ಇಲ್ಲ.

ಇಷ್ಟು ಅನುಕೂಲ ಇದ್ದೂ ಲೆಕ್ಕ ಬಿಗಿಯೇ. ವಿಮಾನದ ಇಂಧನ ಇನ್ನೂ ಜಿಎಸ್‌ಟಿಯ ಹೊರಗಿದೆ. ನಾವು ಅಂಗಡಿಯವರು ಮಾಲಿನ ಮೇಲೆ ಕೊಟ್ಟ ತೆರಿಗೆಯನ್ನು ಕಳೆದುಕೊಂಡು ಉಳಿದದ್ದು ಕಟ್ಟುತ್ತೇವೆ. ವಿಮಾನ ಕಂಪೆನಿಗೆ ತನ್ನ ಅತಿ ದೊಡ್ಡ ಖರ್ಚಾದ ಎಣ್ಣೆಯ ಮೇಲೆ ಕೊಟ್ಟ ವ್ಯಾಟ್ ಹಾಗೆ ಹಿಂದೆ ಸಿಗುವುದಿಲ್ಲ.

ಬಂಗುಡೆ ಲೆಕ್ಕ

ಕುಂಬಳೆ ಪೇಟೆಯಲ್ಲಿ ಸಂಜೆಗೆ ಉಳಿದ ಬಂಗುಡೆಗೆ ಐಸ್ ಹಾಕಿ ನಾಳೆ ಸ್ವಲ್ಪ ಕಡಿಮೆ ದರಕ್ಕಾದರೂ ಮಾರಬಹುದು. ಹಾರಿಹೋದ ವಿಮಾನದಲ್ಲಿ ಖಾಲಿ ಉಳಿದ ಸೀಟಿಗೆ ಐಸ್ ಇಲ್ಲ. ಬಾಗಿಲು ಮುಚ್ಚಿದ ಕ್ಷಣ ಅದರ ಬೆಲೆ ಸೊನ್ನೆ.

ಲೆಕ್ಕ ಅರ್ಥವಾಗಲೆಂದು ಒಂದು ಕಾಲ್ಪನಿಕ ಮೊತ್ತ ಇಟ್ಟುಕೊಳ್ಳೋಣ. 70 ಸೀಟಿನ ವಿಮಾನ ಒಂದು ಸಲ ಹಾರಿದರೆ ಎಲ್ಲ ಸೇರಿ 2,10,000 ರೂಪಾಯಿ ಖರ್ಚು ಎಂದಿರಲಿ. 70 ಸೀಟೂ ತುಂಬಿದರೆ ಒಬ್ಬರಿಗೆ 3,000 ಬೀಳುತ್ತದೆ. 50 ಜನ ಮಾತ್ರ ಬಂದರೆ 4,200. 35 ಜನ ಬಂದರೆ 6,000. ಖರ್ಚು ಹೆಚ್ಚು ಕಡಿಮೆ ಅಷ್ಟೇ, ಹಂಚಿಕೊಳ್ಳುವ ತಲೆ ಕಡಿಮೆ. ಪಕ್ಕದಲ್ಲಿ ದೊಡ್ಡ ಕಂಪೆನಿ 2,800ಕ್ಕೆ ಟಿಕೆಟ್ ಬಿಟ್ಟರೆ ನೀವು 4,200 ಕೇಳುವ ಹಾಗಿಲ್ಲ. ನಷ್ಟದಲ್ಲೇ ಹಾರಬೇಕು, ಇಲ್ಲವೇ ನಿಲ್ಲಿಸಬೇಕು. ನಿಲ್ಲಿಸಿದರೂ ಬಾಡಿಗೆ ನಿಲ್ಲುವುದಿಲ್ಲ.

ವಿಮಾನದ ಬಾಡಿಗೆ ಅಂದರೆ ಲೀಸ್ ಎರಡು ರೀತಿಯದ್ದು. ವಿಮಾನ ಮಾತ್ರ ತಂದರೆ ಡ್ರೈ ಲೀಸ್. ವಿಮಾನದ ಜೊತೆ ಪೈಲಟ್, ರಿಪೇರಿ, ವಿಮೆ ಎಲ್ಲ ಬಂದರೆ ವೆಟ್ ಲೀಸ್. ಕಾರಿಗೆ ಹೇಳುವುದಾದರೆ, ಕಾರು ಮಾತ್ರ ತಂದು ನಾವೇ ಓಡಿಸುವುದು ಒಂದು, ಡ್ರೈವರ್ ಸಮೇತ ತರುವುದು ಇನ್ನೊಂದು. ಸಾಮಾನ್ಯವಾಗಿ ಎರಡಕ್ಕೂ ಡಾಲರಿನಲ್ಲಿ ಕೊಡಬೇಕು. ಕೆಲವು ತಿಂಗಳ ಬಾಡಿಗೆ ಠೇವಣಿ, ಎಂಜಿನ್ ರಿಪೇರಿಗೆಂದು ಗಂಟೆ ಲೆಕ್ಕದಲ್ಲಿ ಎತ್ತಿಡುವ ಹಣ ಬೇರೆ. ಟಿಕೆಟಿನ ಆದಾಯ ರೂಪಾಯಿಯಲ್ಲಿ, ಬಾಡಿಗೆ ಡಾಲರಿನಲ್ಲಿ. ರೂಪಾಯಿ ಇಳಿದರೆ ನಾವು ಏನೂ ತಪ್ಪು ಮಾಡದೆಯೇ ನಷ್ಟ ಹೆಚ್ಚಾಗುತ್ತದೆ.

ಇನ್ನೊಂದು ಲೆಕ್ಕ. ತಿಂಗಳಿಗೆ 1 ಕೋಟಿ 20 ಲಕ್ಷ ಸ್ಥಿರ ಖರ್ಚು ಎಂದಿಟ್ಟುಕೊಳ್ಳಿ. ವಿಮಾನ 240 ಸಲ ಹಾರಿದರೆ ಒಂದು ಹಾರಾಟಕ್ಕೆ 50,000. ಮಳೆ, ಬಿಡಿಭಾಗದ ಕೊರತೆ, ಪೈಲಟ್ ರಜೆ ಎಂದು 120 ಸಲ ಮಾತ್ರ ಹಾರಿದರೆ 1 ಲಕ್ಷ. ದೊಡ್ಡ ಕಂಪೆನಿಯ ಒಂದು ವಿಮಾನ ಕೆಟ್ಟರೆ ಇನ್ನೊಂದು ಬರುತ್ತದೆ. ಎರಡೇ ವಿಮಾನ ಇರುವವನ ಅರ್ಧ ಅಂಗಡಿ ಮುಚ್ಚಿದ ಹಾಗೆ.

ಬೆಂಗಳೂರಿನ ಏರ್ ಪೆಗಾಸಸ್ ಇದಕ್ಕೆ ಉದಾಹರಣೆ. ಕಟ್ಟಿದವರಿಗೆ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಮಾಡಿದ ಅನುಭವ ಇತ್ತು. 2015ರ ಎಪ್ರಿಲಿನಲ್ಲಿ ಬೆಂಗಳೂರು-ಹುಬ್ಬಳ್ಳಿಯಿಂದ ಎಟಿಆರ್ ಹಾರಿಸಲು ಶುರು ಮಾಡಿದರು. ಲೀಸ್ ಬಾಕಿಯ ತಕರಾರಿನಿಂದ 2016ರ ಜುಲೈಯಲ್ಲಿ ನಿಂತಿತು. ಅದೇ ಬೆಂಗಳೂರು-ಹುಬ್ಬಳ್ಳಿ ದಾರಿಯಲ್ಲಿ 2019ರ ಜನವರಿಯಲ್ಲಿ ಶುರುವಾದ ಸ್ಟಾರ್ ಏರ್ 50 ಸೀಟಿನ ಜೆಟ್ ತಂದಿತು. ಅದರ ಹಿಂದೆ ಬೇರೆ ವ್ಯಾಪಾರಗಳಿಂದ ದುಡ್ಡು ಬರುವ ಕೊಲ್ಲಾಪುರ ಕಡೆಯ ಘೋಡಾವತ್ ಗ್ರೂಪ್ ಇತ್ತು. ಈ ವ್ಯಾಪಾರದಲ್ಲಿ ಬೆನ್ನಿಗೆ ದುಡ್ಡು ಇರುವುದೂ ಒಂದು ಅನುಭವವೇ.

ಸರಕಾರದ ಸಹಾಯ ಇಲ್ಲವೇ?

ಇದೆ. ಉಡಾನ್ ಯೋಜನೆ 2016ರಲ್ಲಿ ಬಂತು. ಮೊದಲ ವಿಮಾನ 2017ರ ಎಪ್ರಿಲ್ 27ರಂದು ಶಿಮ್ಲಾ-ದಿಲ್ಲಿ ನಡುವೆ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2,500 ರೂಪಾಯಿ ಎಂದು ಆಗ ನಿಗದಿಯಾಗಿತ್ತು. ಕಡಿಮೆ ಬಿದ್ದದ್ದನ್ನು ಸರಕಾರ ತುಂಬಿಕೊಡುತ್ತದೆ. ಮೂರು ವರ್ಷ ಆ ದಾರಿಯಲ್ಲಿ ಬೇರೆಯವರಿಗೆ ಅವಕಾಶ ಇಲ್ಲ.

ಕೇಳಲು ಚಂದ. ಆದರೆ 2023ರ ಸಿಎಜಿ ವರದಿ ನೋಡಿ. ಲೆಕ್ಕಕ್ಕೆ ತೆಗೆದುಕೊಂಡ 774 ದಾರಿಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನದ ಅವಧಿ ಮುಗಿದ ಮೇಲೂ 2023ರ ಮಾರ್ಚ್‌ಗೆ ಉಳಿದಿದ್ದದ್ದು 54 ಮಾತ್ರ. ಸಹಾಯಧನ ಊರುಗೋಲು. ಅದು ಹೋದ ದಿನ ಸ್ವಂತ ಕಾಲಲ್ಲಿ ನಿಲ್ಲಲು ಆಗುತ್ತದೆಯಾ ಎಂಬುದನ್ನು ಮೊದಲ ದಿನವೇ ಲೆಕ್ಕ ಹಾಕಬೇಕು.

ಪೈಲಟ್ ಬೇಡ ಅಂದರೆ ಬೇಡ

2010ರ ಮೇ 22ರ ಬೆಳಗ್ಗೆಯನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗೆ ಬಿತ್ತು. 158 ಮಂದಿ ತೀರಿಕೊಂಡರು, ಬದುಕಿದ್ದು 8 ಮಂದಿ. ಸರಿಯಾದ ಎತ್ತರದಲ್ಲಿ ಇಲ್ಲದಿದ್ದರೂ ಇಳಿಯುವುದನ್ನು ಕೈಬಿಡದೆ ಮುಂದುವರಿಸಿದ್ದೇ ಕಾರಣ ಎಂದು ತನಿಖೆ ಹೇಳಿತು. ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದೂ ವರದಿಯಲ್ಲಿದೆ.

ಅದು ಹೊಸ ಮಾಲೀಕನ ಕಂಪೆನಿಯಾಗಿರಲಿಲ್ಲ. ಆದರೂ ಹೊಸ ಮಾಲೀಕ ಅದರಿಂದ ಕಲಿಯಬೇಕಾದದ್ದು ಇದೆ. ಕೆಳಗಿನವನು "ಬೇಡ" ಅಂದಾಗ ಮೇಲಿನವನಿಗೆ ಕೇಳಿಸಬೇಕು. ಅಂಗಡಿಯಲ್ಲಿ "ಪರವಾಗಿಲ್ಲ, ಇವತ್ತು ನಡೆಸು, ನಾಳೆ ಸರಿ ಮಾಡೋಣ" ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಇಲ್ಲಿ ಆ ಮಾತಿಗೆ ಜಾಗ ಇಲ್ಲ. ಎಂಜಿನಿಯರ್ ಸಹಿ ಹಾಕದಿದ್ದರೆ, ಪೈಲಟಿನ ವಿಶ್ರಾಂತಿ ಗಂಟೆ ಮುಗಿಯದಿದ್ದರೆ, 70 ಜನ ಕಾಯುತ್ತಿದ್ದರೂ ವಿಮಾನ ನಿಲ್ಲಬೇಕು. ಆ ದಿನದ ನಷ್ಟ ತಡೆದುಕೊಳ್ಳುವ ದುಡ್ಡು ಇಲ್ಲದವನು ಒತ್ತಡ ಹಾಕಲು ಶುರು ಮಾಡುತ್ತಾನೆ. ಬಂಡವಾಳ ಸಾಲದೆ ಹೋದರೆ ಅದು ವ್ಯಾಪಾರದ ಸಮಸ್ಯೆ ಮಾತ್ರ ಆಗಿ ಉಳಿಯುವುದಿಲ್ಲ. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸರಿಯಾಗಿ ತಯಾರಾಗದೆ ದೇಶದ ಅತಿ ದೊಡ್ಡ ಕಂಪೆನಿಯಾದ ಇಂಡಿಗೊ ಸಾವಿರಾರು ಹಾರಾಟ ರದ್ದು ಮಾಡಬೇಕಾಯಿತು. ದೊಡ್ಡವರ ಗತಿಯೇ ಹೀಗಾದರೆ ಸಣ್ಣವರು ಇನ್ನೂ ಹೆಚ್ಚು ತಯಾರಿರಬೇಕು.

ಮುಂಗಡ ದುಡ್ಡು ನಮ್ಮದಲ್ಲ

ಪ್ರಯಾಣಿಕರು ಎರಡು ಮೂರು ತಿಂಗಳು ಮೊದಲೇ ದುಡ್ಡು ಕೊಡುತ್ತಾರೆ. ಬ್ಯಾಂಕ್ ಖಾತೆ ತುಂಬಿದ ಹಾಗೆ ಕಾಣುತ್ತದೆ. ಆದರೆ ಹಾರಿಸುವ ತನಕ ಅದು ಸಾಲ. ಈ ದುಡ್ಡಿನಲ್ಲಿ ಹಳೆಯ ಬಾಕಿ ತೀರಿಸುವ ಕಂಪೆನಿ ಕೊನೆಯ ಹಂತಕ್ಕೆ ಬಂದಿದೆ ಎಂದು ತಿಳಿಯಿರಿ. ಒಂದು ಕಂಪೆನಿ ನಿಂತುಹೋದಾಗ ನಾನು ಮಾರಿದ ಹನ್ನೊಂದು ಟಿಕೆಟಿನ ಹಣ ಸಿಕ್ಕಿಬಿತ್ತು. ಒಬ್ಬರದ್ದು ಮಗಳ ಮದುವೆಗೆ ಬರುವ ಟಿಕೆಟ್. ಗಿರಾಕಿಗೆ ಕಂಪೆನಿ ಗೊತ್ತಿಲ್ಲ, ಅವನಿಗೆ ಗೊತ್ತಿರುವುದು ನನ್ನ ಮುಖ. ಸ್ವಲ್ಪ ಸ್ವಲ್ಪವಾಗಿ ಕೈಯಿಂದ ಕೊಟ್ಟು ಮುಗಿಸಿದೆ.

2023ರ ಮೇಯಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿದಾಗ ವಿಮಾನಗಳನ್ನು ವಾಪಸ್ ಪಡೆಯಲು ಲೀಸ್ ಕಂಪೆನಿಗಳು ಕೋರ್ಟಿಗೆ ಅಲೆಯಬೇಕಾಯಿತು. 2025ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ ಅವರ ಹಕ್ಕನ್ನು ಗಟ್ಟಿ ಮಾಡಿತು. ಬಾಡಿಗೆ ತಪ್ಪಿದರೆ ವಿಮಾನ ಹೋಗುತ್ತದೆ. ಶೇರು ಹಾಕಿದವನಿಗೆ ಉಳಿಯುವುದು ಕಾಗದ. ದಿವಾಳಿಯಲ್ಲಿ ಶೇರುದಾರನ ಸರದಿ ಎಲ್ಲರಿಗಿಂತ ಕೊನೆಗೆ.

ಸಣ್ಣದರಿಂದ ಶುರು ಮಾಡುವ ದಾರಿ

ಆಸೆ ನಿಜವಾಗಿದ್ದರೆ ಮೆಟ್ಟಿಲುಗಳಿವೆ. ಟಿಕೆಟ್ ಏಜೆನ್ಸಿ, ವಿದೇಶಿ ಕಂಪೆನಿಯ ಮಾರಾಟ ಏಜೆಂಟ್, ಏರ್ ಕಾರ್ಗೊ ಏಜೆನ್ಸಿ, ಗ್ರೌಂಡ್ ಹ್ಯಾಂಡ್ಲಿಂಗ್. ಇವುಗಳಲ್ಲಿ ದಾರಿ, ಸೀಸನ್, ಗಿರಾಕಿ ಎಲ್ಲ ಅರ್ಥವಾಗುತ್ತದೆ. ಮುಂದಿನ ಮೆಟ್ಟಿಲು ಚಾರ್ಟರ್. ವೇಳಾಪಟ್ಟಿ ಇಲ್ಲದೆ ಬಾಡಿಗೆಗೆ ಹಾರಿಸುವ ಪರವಾನಗಿಗೆ ಒಂದು ವಿಮಾನ ಅಥವಾ ಹೆಲಿಕಾಪ್ಟರ್ ಸಾಕು. ಗೋಪಿನಾಥ್ ಹತ್ತಿದ್ದು ಇದೇ ಮೆಟ್ಟಿಲು.

ಶೇರು ಕೇಳಿ ಬಂದವರಿಗೆ ಈ ಆರು ಪ್ರಶ್ನೆ

1. ಕೈಯಲ್ಲಿರುವುದು ಎನ್‌ಒಸಿಯೋ, ಎಒಸಿಯೋ?

2. ಹಾರಾಟ, ಎಂಜಿನಿಯರಿಂಗ್, ಸುರಕ್ಷತೆಯ ಮುಖ್ಯಸ್ಥರು ಯಾರು? ಕೆಲಸಕ್ಕೆ ಸೇರಿದ್ದಾರಾ, ಮಾತುಕತೆಯಲ್ಲಿ ಮಾತ್ರ ಇದ್ದಾರಾ?

3. ಒಂದು ಟಿಕೆಟೂ ಮಾರದೆ ಎಷ್ಟು ತಿಂಗಳು ನಡೆಸುವಷ್ಟು ದುಡ್ಡಿದೆ?

4. ಲೀಸ್ ಒಪ್ಪಂದ ಆಗಿದೆಯಾ? ನಡೆಯದಿದ್ದರೆ ವಿಮಾನ ವಾಪಸ್ ಕೊಡುವ ಷರತ್ತು ಏನು?

5. ಸಹಾಯಧನ ಇಲ್ಲದೆ ಯಾವ ದಾರಿ ಲಾಭ ತರುತ್ತದೆ? ಎಷ್ಟು ಸೀಟು ತುಂಬಬೇಕು?

6. ದುಡ್ಡು ಯಾವ ಖಾತೆಗೆ ಹೋಗುತ್ತದೆ? ನನ್ನ ಹೆಸರು ಕಂಪೆನಿಯ ಶೇರು ರಿಜಿಸ್ಟರಿನಲ್ಲಿ ಬರುತ್ತದಾ, ಇಲ್ಲ ಬಾಯಿಮಾತಾ?

ಕಂಪೆನಿಯ ಹೆಸರು, ನಿರ್ದೇಶಕರ ವಿವರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಯಾರೂ ನೋಡಬಹುದು. ಎಒಸಿ ಇರುವ ಕಂಪೆನಿಗಳ ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲಿದೆ. ಶೇರಿನ ಮಾತು ಎತ್ತಿದವರ ಎದುರೇ ಫೋನ್ ತೆಗೆದು ನೋಡಿದರೂ ತಪ್ಪಿಲ್ಲ. ನಿಜವಾಗಿ ಕೆಲಸ ಮಾಡುವವನು ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಭಾವ ಈ ಆರು ಪ್ರಶ್ನೆಗಳನ್ನು ಫೋನಿನಲ್ಲಿ ಬರೆದುಕೊಂಡು ಹೋದರು. ಮೊನ್ನೆ ಕರೆ ಮಾಡಿದಾಗ ಹೇಳಿದರು: "ಮೂರನೇ ಪ್ರಶ್ನೆಗೆ ಉತ್ತರ ಬರಲಿಲ್ಲ ಮಾರಾಯ. ಉತ್ತರ ಬರುವ ತನಕ ದುಡ್ಡು ನನ್ನ ಹತ್ತಿರವೇ ಇರಲಿ."